ಎಷ್ಟು ಕಿಲೋಮೀಟರ್ ಬರ್ತದೆ?

ನನ್ನ ಹಳೇ ಬೊಲೆರೊದ ತಲೆ ಮೇಲೆ ಒಂದು ಕಡ್ಡಿ ನಿಂತಿದೆ. ಒಳಗೆ ಸ್ಟಿಯರಿಂಗ್ ಪಕ್ಕ ಒಂದು ಸಣ್ಣ ಡಿಸ್‌ಪ್ಲೇ, ಸುರುಳಿ ವಯರಿನ ಮೈಕ್. ಇದು ಹ್ಯಾಮ್ ರೇಡಿಯೋ, ಲೈಸೆನ್ಸ್ ಇರುವ ಹವ್ಯಾಸಿಗಳು ಒಬ್ಬರಿಗೊಬ್ಬರು ಮಾತಾಡುವ ವಯರ್‌ಲೆಸ್ ಸೆಟ್. ಇಷ್ಟು ಕಂಡರೆ ಸಾಕು. ಬಂಕಿನಲ್ಲಿ ಡೀಸೆಲ್ ಹಾಕುವ ಹುಡುಗ, ಮದುವೆ ಹಾಲ್‌ನ ಪಾರ್ಕಿಂಗ್‌ನಲ್ಲಿ ಸಿಕ್ಕ ದೂರದ ಮಾವ, ಮಲ್ಪೆ ಬೀಚಿನಲ್ಲಿ ಪಕ್ಕಕ್ಕೆ ಥಾರ್ ತಂದು ನಿಲ್ಲಿಸಿದವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಇದು ಎಷ್ಟು ಕಿಲೋಮೀಟರ್ ಬರ್ತದೆ?" ಅದರ ಬೆನ್ನಿಗೇ ಇನ್ನೊಂದು. "ನಮ್ಮ ಗಾಡಿಗೂ ಒಂದು ಹಾಕಿಸ್ಬೇಕು ಮಾರಾಯ್ರೆ, ಯಾವ ಕಂಪನಿದು ಒಳ್ಳೇದು?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

"ಮೊಬೈಲ್ ಇಲ್ವಾ?" ಎನ್ನುವವರಿಗೆ ಇಲ್ಲಿ ಉತ್ತರ ಇಲ್ಲ. ಅವರು ಒಮ್ಮೆ ಮಳೆಗಾಲದಲ್ಲಿ ಘಟ್ಟದ ಬುಡಕ್ಕೆ ಹೋಗಿ ಮೊಬೈಲ್ ತೆಗೆದು ನೋಡಲಿ.

ಮೊದಲು ಕಿಲೋಮೀಟರ್ ವಿಷಯ. ಸ್ಕೂಟರಿಗೆ ಮೈಲೇಜ್ ಕೇಳಿದ ಹಾಗೆ ಕೇಳಿದರೆ ನಾನೇನು ಹೇಳಲಿ? ಗಾಡಿಯಲ್ಲಿ ನಾವು ಹ್ಯಾಮ್‌ಗಳು ಜಾಸ್ತಿ ಬಳಸುವುದು ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್. ಒಂದು ಅಲೆಯ ಉದ್ದ ಸುಮಾರು ಎರಡು ಮೀಟರ್, ಅದಕ್ಕೇ ಆ ಹೆಸರು. ವಿಎಚ್‌ಎಫ್ ಎಂದು ಕರೆಯುವ ಈ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ. ಆಂಟೆನಾ ನಿಂತಲ್ಲಿಂದ ದಿಗಂತ ಎಷ್ಟು ದೂರ ಕಾಣುತ್ತದೋ ಅದಕ್ಕಿಂತ ಸ್ವಲ್ಪ ಮುಂದೆ, ಅಷ್ಟೇ. ಲೆಕ್ಕ ಬೇಕಾ? ಆಂಟೆನಾ ಎಷ್ಟು ಮೀಟರ್ ಎತ್ತರ ಇದೆ ನೋಡಿ, ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಗಾಡಿಯ ಮೇಲೆ ಎರಡು ಮೀಟರ್ ಎತ್ತರದ ಆಂಟೆನಾಕ್ಕೆ ಸುಮಾರು 6 ಕಿ.ಮೀ. ಎದುರಿನ ಗಾಡಿಯದ್ದೂ ಅಷ್ಟೇ. ಎರಡೂ ಸೇರಿ 12. ಅದೂ ಕಡಲ ಕರೆಯಂಥ ಬಯಲಿನಲ್ಲಿ.

ಅದೇ ಗಾಡಿಯನ್ನು ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗದ ಹತ್ತಿರ ನಿಲ್ಲಿಸಿ. ಸುಮಾರು 640 ಮೀಟರ್ ಎತ್ತರ. ಲೆಕ್ಕ 100 ಕಿ.ಮೀ. ದಾಟುತ್ತದೆ. ಅಲ್ಲಿಂದ ಕೈಯಲ್ಲಿ ಹಿಡಿಯುವ 5 ವ್ಯಾಟಿನ ಸೆಟ್ಟಿನಲ್ಲೂ ಉಡುಪಿಯವರ ಜೊತೆ ಹರಟೆ ಹೊಡೆಯಬಹುದು. ಘಾಟಿ ಇಳಿದು ಸೋಮೇಶ್ವರದ ಕಾಡಿನ ಒಂದು ತಿರುವಿನಲ್ಲಿ ನಿಂತರೆ, 50 ವ್ಯಾಟ್ ಇದ್ದರೂ ಅದೇ ಉಡುಪಿ ಸಿಗದೆ ಹೋಗಬಹುದು. ಸೆಟ್ ಅದೇ, ಕಂಪನಿ ಅದೇ. ಈಗ ಹೇಳಿ, ಎಷ್ಟು ಕಿಲೋಮೀಟರ್ ಬಂತು?

"ವ್ಯಾಟ್ ಜಾಸ್ತಿ ಮಾಡಿದ್ರಾಯ್ತಲ್ಲ" ಎಂದು ಮಾವ ಹೇಳಿಯೇ ಹೇಳುತ್ತಾರೆ. 5 ವ್ಯಾಟಿನಿಂದ 50 ವ್ಯಾಟಿಗೆ ಹೋದರೆ ಸಿಗುವುದು 10 ಡೆಸಿಬೆಲ್. ಆ ಕಡೆಯವರ ಸೆಟ್ಟಿನಲ್ಲಿ ಸಿಗ್ನಲ್ ತೋರಿಸುವ ಮೀಟರಿನಲ್ಲಿ ಮುಳ್ಳು ಎರಡು ಮನೆ ಕೂಡ ಪೂರ್ತಿ ಏರುವುದಿಲ್ಲ. ಮಾತು ಸ್ವಲ್ಪ ಸ್ವಚ್ಛ ಆಗುತ್ತದೆ, ಬೇಡ ಅನ್ನುವುದಿಲ್ಲ. ಗುಡ್ಡ ಕೊರೆಯುವ ವ್ಯಾಟ್ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಳೆದ ಮಳೆಗಾಲದ್ದು ಒಂದು ಕಥೆ ಹೇಳಬೇಕು. ಬೆಳ್ತಂಗಡಿ ಕಡೆ ಪರಿಚಯದವರ ರಬ್ಬರ್ ತೋಟ. ಅವರ ಒಪ್ಪಿಗೆ ಪಡೆದು ನಾಲ್ಕೈದು ಗಾಡಿ ಹೋಗಿದ್ದೆವು. ನಮ್ಮ ಜೊತೆ ಒಬ್ಬ ಹುಡುಗ, ಹೊಸ ಥಾರ್, ಹಾರ್ಡ್‌ಟಾಪ್. ಪರೀಕ್ಷೆ ಪಾಸಾಗಿ ವಿಯು3 ಎಂದು ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು, ಆಗಷ್ಟೇ ಬಂದಿತ್ತು. ಹಿಂದಿನ ರಾತ್ರಿ ಫೋಟೋ ಕಳಿಸಿದ್ದ. ಐಕಾಮ್‌ನ ಡ್ಯುಯಲ್ ಬ್ಯಾಂಡ್ ಸೆಟ್, 50 ವ್ಯಾಟ್, ಮುಖ ಬೇರೆ ಮೈ ಬೇರೆ ಇಡುವಂಥದ್ದು. ನನಗೇ ಸ್ವಲ್ಪ ಹೊಟ್ಟೆ ಉರಿಯಿತು. ಕೂರಿಸಿದ್ದು ಕಾರಿನ ಆಕ್ಸೆಸರಿ ಅಂಗಡಿಯವರು. ಯಾವ ಅಂಗಡಿ ಎಂದು ಕೇಳಬೇಡಿ. "50 ಕಿಲೋಮೀಟರ್ ಗ್ಯಾರಂಟಿ" ಎಂದಿದ್ದರಂತೆ. ವ್ಯಾಟಿಗೊಂದು ಕಿಲೋಮೀಟರ್ ಅಂತ ಲೆಕ್ಕ ಇರಬೇಕು.

ನಾನು ಮುಂದೆ, ಅವನು ಎಲ್ಲರಿಗಿಂತ ಹಿಂದೆ. ಎರಡು ತಿರುವು ದಾಟುವಷ್ಟರಲ್ಲಿ ಅವನ ಮಾತು ಬರೀ ಕರಕರ. ಆಮೇಲೆ ಅದೂ ಇಲ್ಲ. ನಡುವಿನ ಗಾಡಿಯವರು ಕರೆದರೂ ಉತ್ತರ ಇಲ್ಲ. ಹಿಂದಕ್ಕೆ ತಿರುಗಿಸಲು ಜಾಗ ಇರಲಿಲ್ಲ. ಗಾಡಿ ನಿಲ್ಲಿಸಿ, ಕೊಡೆ ಹಿಡಿದು, ಕೆಸರಿನಲ್ಲಿ ನಡೆದು ಹೋದೆ. ಕಾಲಿಗೆ ಉಂಬಳ ಹತ್ತಿದ್ದು ಲೆಕ್ಕಕ್ಕಿಲ್ಲ. ಹೋಗಿ ನೋಡಿದರೆ ಹುಡುಗ ಆರಾಮ, ಗಾಡಿಯೂ ಆರಾಮ. ಸೆಟ್ ಮಾತ್ರ ಕಪ್ಪಾಗಿ ಕೂತಿದೆ. ಕರೆಂಟ್ ತೆಗೆದದ್ದು ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನಿಂದ. ಮಾತಾಡುವ ಗುಂಡಿ ನಾಲ್ಕು ಸಲ ಒತ್ತಿದ್ದಾನೆ, ಫ್ಯೂಸ್ ಹೋಗಿದೆ.

ಆಂಟೆನಾ ಎಲ್ಲಿ ಎಂದು ನೋಡಿದೆ. ಹಿಂದಿನ ಕಿಟಕಿ ಪಕ್ಕ ಕೇಬಲ್ಲಿಗೆ ಜೋತುಬಿದ್ದು ಆಡುತ್ತಿತ್ತು. ಅದು ಮ್ಯಾಗ್ನೆಟ್ ಬುಡದ ಆಂಟೆನಾ. ಥಾರ್‌ನ ಆ ಹಾರ್ಡ್‌ಟಾಪ್ ಫೈಬರ್. ಮ್ಯಾಗ್ನೆಟ್ ಹಿಡಿಯಲಿಲ್ಲ ಎಂದು ಅಂಗಡಿಯವರು ಎರಡೂ ಬದಿ ಅಂಟುವ ಟೇಪ್ ಹಾಕಿ ಕೂರಿಸಿದ್ದಾರೆ! ಮೊದಲನೇ ರಬ್ಬರ್ ಕೊಂಬೆಗೇ ಕಿತ್ತು ಬಂದಿದೆ.

ಆ ಹುಡುಗ ಆಗ ಕೇಳಿದ್ದು ಏನು ಗೊತ್ತಾ? "ಅಣ್ಣಾ, ಈ ಕಂಪನಿ ಸರಿ ಇಲ್ವಾ? ಕೆನ್‌ವುಡ್ ತೆಗೆದುಕೊಳ್ಬೇಕಿತ್ತಾ?"

ಮಳೆಯಲ್ಲಿ ನಿಂತು ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಅಷ್ಟೂ ಸಾಮಾನಿನಲ್ಲಿ ಒಂದು ದೋಷವೂ ಇಲ್ಲದ್ದು ಆ ಸೆಟ್ ಒಂದೇ.

ಮ್ಯಾಗ್ನೆಟ್ ಹಿಡಿಯಲಿಲ್ಲ ಅಂದಾಗಲೇ ಅಂಗಡಿಯವರಿಗೆ ಗೊತ್ತಾಗಬೇಕಿತ್ತು. ಕಾಲು ಅಲೆಯ ಆಂಟೆನಾ, ಎರಡು ಮೀಟರ್ ಬ್ಯಾಂಡಿಗೆ ಸುಮಾರು ಅರ್ಧ ಮೀಟರ್ ಉದ್ದದ ಕಡ್ಡಿ, ಅದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಕೆಳಗಿನ ಲೋಹದ ತಗಡು. ಬೊಲೆರೊದ ತಗಡಿನ ಚಾವಣಿ ನಡುಮಧ್ಯೆ ಕಡ್ಡಿ ನಿಲ್ಲಿಸಿದರೆ ಸುತ್ತಲೂ ಬೇಕಾದಷ್ಟು ಲೋಹ ಸಿಗುತ್ತದೆ. ಥಾರ್ ಇಟ್ಟವರು ನನ್ನ ಗಾಡಿ ನೋಡಿ ನಗುತ್ತಾರೆ, ನಗಲಿ. ಫೈಬರ್ ಅಥವಾ ಬಟ್ಟೆ ಟಾಪ್ ಇದ್ದವರು ಬಾನೆಟ್ ಅಂಚಿಗೆ ಬ್ರ್ಯಾಕೆಟ್ ಹಾಕಿಸಿ. ಬ್ರ್ಯಾಕೆಟ್ ಕೂರುವಲ್ಲಿ ಪೇಂಟ್ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಅಥವಾ ಕೆಳಗೆ ತಗಡು ಕೇಳದ ಅರ್ಧ ಅಲೆಯ ಆಂಟೆನಾ ಹಾಕಿ. ಅದು ಒಂದು ಮೀಟರ್ ಉದ್ದ. ಕೊಂಬೆಗಳ ಜೊತೆ ಜಗಳ ಜಾಸ್ತಿ, ಬುಡಕ್ಕೆ ಸ್ಪ್ರಿಂಗ್ ಇರಲಿ. ತೋಟದೊಳಗೆ ಕೆಳಗೆ ಇಳಿಬಿದ್ದ ಕರೆಂಟ್ ವಯರ್ ಕಂಡರೆ ಇಳಿದು ಆಂಟೆನಾ ಬಗ್ಗಿಸಿಯೇ ಮುಂದೆ ಹೋಗಿ. ಇದರಲ್ಲಿ ತಮಾಷೆ ಇಲ್ಲ.

ನಾನು ಚಾವಣಿಗೆ ತೂತು ಹೊಡೆಸಿದ್ದೇನೆ. ಮುಕ್ಕಾಲು ಇಂಚಿನದ್ದು. "ಗಾಡಿಗೆ ತೂತಾ?" ಎಂದು ಕೇಳುವಾಗ ಜನರ ಮುಖ ಮರಣದ ಸುದ್ದಿ ಕೇಳಿದವರ ಹಾಗೆ ಆಗುತ್ತದೆ. ಕೆಳಗೆ ರಬ್ಬರ್ ವಾಷರ್ ಇದೆ, ನಮ್ಮೂರಿನ ಮಳೆಗೂ ಒಂದು ಹನಿ ಒಳಗೆ ಬಂದಿಲ್ಲ. ನೀರು ಹೋಗುವುದು ಬೇರೆ ಕಡೆ, ಕೇಬಲ್ಲಿನ ಕನೆಕ್ಟರ್ ಒಳಗೆ. ಹೊರಗಿರುವ ಕನೆಕ್ಟರಿಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತದಿದ್ದರೆ, ಕಡಲ ಉಪ್ಪು ಗಾಳಿಗೆ ಒಳಗಿನ ತಾಮ್ರದ ಜಾಲರಿ ಕಪ್ಪಾಗುತ್ತದೆ. ಆಮೇಲೆ ನೀವು "ಸೆಟ್ ಹಾಳಾಯ್ತು" ಎಂದು ನನಗೆ ಫೋನ್ ಮಾಡುತ್ತೀರಿ.

ಕರೆಂಟ್ ವಿಷಯ. 50 ವ್ಯಾಟಿನ ಸೆಟ್ ಮಾತಾಡುವಾಗ 10ರಿಂದ 13 ಆಂಪಿಯರ್ ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ಸಾಕೆಟ್ ಮೇಲೆ ಸಾಮಾನ್ಯವಾಗಿ 12 ವೋಲ್ಟ್ 120 ವ್ಯಾಟ್ ಎಂದು ಬರೆದಿರುತ್ತದೆ. ಅಂದರೆ 10 ಆಂಪಿಯರ್. ಐದನೇ ಕ್ಲಾಸಿನ ಗಣಿತ. ಬ್ಯಾಟರಿಯಿಂದಲೇ ನೇರ ದಪ್ಪ ವಯರ್ ಎಳೆಯಿರಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಸೆಟ್ ಹತ್ತಿರ ಮಾತ್ರ ಫ್ಯೂಸ್ ಹಾಕಿದರೆ, ನಡುವೆ ಎಲ್ಲೋ ವಯರ್ ಉಜ್ಜಿ ಗಾಡಿಯ ತಗಡಿಗೆ ತಾಗಿದಾಗ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಬೇಕೇ ಬೇಕು. ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಸೆನ್ಸರ್ ಇರುತ್ತದೆ. ಇದ್ದರೆ ನೆಗೆಟಿವ್ ವಯರನ್ನು ಬ್ಯಾಟರಿಗೆ ಕಟ್ಟಬೇಡಿ, ಬ್ಯಾಟರಿಯ ನೆಗೆಟಿವ್ ಗಾಡಿಯ ತಗಡಿಗೆ ಸೇರುವ ಬೋಲ್ಟಿಗೆ ಕಟ್ಟಿ.

ಸೆಟ್ಟಿನ ಮೈಯನ್ನು ಸೀಟಿನ ಕೆಳಗೆ ಇಡುವುದು ಎಲ್ಲರ ಪದ್ಧತಿ. ಪೇಟೆಯಲ್ಲಿ ಓಡಿಸುವವರಿಗೆ ಸರಿ. ಹೊಳೆಗೆ ಗಾಡಿ ಇಳಿಸುವವರು ನೀವು, ನೀರು ಮೊದಲು ಬರುವುದೇ ಅಲ್ಲಿಗೆ. ಹಿಂದಿನ ಚಕ್ರದ ಗೂಡಿನ ಮೇಲೆ, ಗಾಳಿ ಆಡುವಲ್ಲಿ ಕೂರಿಸಿ. ಸೆಟ್ಟಿನ ಮುಖವನ್ನು, ಅಂದರೆ ಡಿಸ್‌ಪ್ಲೇಯನ್ನು, ಏರ್‌ಬ್ಯಾಗ್ ಬಿಚ್ಚುವ ದಾರಿಯಲ್ಲಿ ಇಡಬೇಡಿ.

ಇನ್ನು ಆ ಎಲ್‌ಇಡಿ ಬಾರ್. ಗಾಡಿಯ ಹಣೆ ತುಂಬ ಹಾಕಿಸಿಕೊಂಡು ಬರುತ್ತೀರಲ್ಲ, ಅದರಲ್ಲಿ ಅಗ್ಗದ ಸರ್ಕ್ಯೂಟ್ ಇದ್ದರೆ ಅದೇ ಒಂದು ಟ್ರಾನ್ಸ್‌ಮಿಟರ್. ಹಾಕಿದ ಕೂಡಲೇ ಸೆಟ್ಟಿನಲ್ಲಿ ಬರೀ ಗದ್ದಲ. ಅಗ್ಗದ ಯುಎಸ್‌ಬಿ ಚಾರ್ಜರ್ ಕಥೆಯೂ ಇದೇ. ಸೆಟ್ಟಿಗೆ ಬಯ್ಯುವ ಮೊದಲು ಒಂದೊಂದಾಗಿ ಆಫ್ ಮಾಡಿ ನೋಡಿ.

ಇಷ್ಟು ಹೇಳಿದ ಮೇಲೂ "ಯಾವ ಕಂಪನಿ?" ಎಂದರೆ: ಐಕಾಮ್, ಯಾಸು, ಕೆನ್‌ವುಡ್, ಯಾವುದಾದರೂ ಆಗಬಹುದು. ಕೈಗವಸು ಹಾಕಿಯೂ ತಿರುಗಿಸಬಹುದಾದ ವಾಲ್ಯೂಮ್ ಗುಂಡಿ ಇದೆಯಾ ನೋಡಿ. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ. ಉಳಿದದ್ದು ನಿಮ್ಮ ಪರ್ಸಿಗೆ ಬಿಟ್ಟದ್ದು.

ಯಾರೂ ಕೇಳದ ಪ್ರಶ್ನೆ ಒಂದಿದೆ. "ನಾನು ಕರೆದರೆ ಆ ಕಡೆ ಯಾರಿರ್ತಾರೆ?" ಇದನ್ನು ಒಬ್ಬರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ. ಸೆಟ್ ಒಂದು ಬದಿ ಅಷ್ಟೇ. ಇನ್ನೊಂದು ಬದಿಯಲ್ಲಿ ಸೆಟ್ ಆನ್ ಮಾಡಿಟ್ಟು, ಅದೇ ಫ್ರೀಕ್ವೆನ್ಸಿಯಲ್ಲಿ, ಕಿವಿ ಕೊಟ್ಟು ಕೂತವರು ಬೇಕು.

2004ರ ಡಿಸೆಂಬರ್ 26ರ ಸುನಾಮಿ ನೆನಪಿದೆಯಲ್ಲ. ಆಗ ಭಾರತಿ ಪ್ರಸಾದ್ ಎಂಬ ಹ್ಯಾಮ್, ಕಾಲ್‌ಸೈನ್ ವಿಯು2ಆರ್‌ಬಿಐ, ಹವ್ಯಾಸದ ಕೆಲಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಫೋನ್ ಸತ್ತ ಮೇಲೆ ಅಂಡಮಾನಿನ ಸುದ್ದಿ ಅವರ ಸ್ಟೇಷನ್ನಿನಿಂದ ಹೊರಗೆ ಬಂತು. ಜನ ಅವರನ್ನು ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ಈ ಕಡೆ ದಡದಲ್ಲಿ ಮನೆಮನೆಯಲ್ಲಿ ಕೂತು ಬರೆದುಕೊಂಡವರು ಇದ್ದರು, ಅವರಿಗೆ ದಿನವೂ ಕೇಳುವ ಅಭ್ಯಾಸ ಇತ್ತು. ಅವರ ಬಗ್ಗೆ ಯಾರೂ ಕೇಳುವುದಿಲ್ಲ.

ನಮ್ಮ ಘಟ್ಟದ ಬುಡದ ಕಣಿವೆಗಳಿಗೆ ವಿಎಚ್‌ಎಫ್ ಸಾಲದು ಎಂದೆನಲ್ಲ. ಅಲ್ಲಿಗೆ ಎಚ್‌ಎಫ್ ಉಂಟು, ಅಂದರೆ ಇನ್ನೂ ಉದ್ದದ ಅಲೆಗಳು. 40 ಮೀಟರ್ ಬ್ಯಾಂಡ್, 7 ಮೆಗಾಹರ್ಟ್ಸ್. ಅಲೆಯನ್ನು ಹೆಚ್ಚುಕಡಿಮೆ ನೆತ್ತಿಗೆ ಬಿಟ್ಟರೆ ಮೇಲಿನ ಅಯಾನುಗಳ ಪದರ ತಾಗಿ ವಾಪಸ್ ಬೀಳುತ್ತದೆ, ಸುತ್ತ ಕೆಲವು ನೂರು ಕಿಲೋಮೀಟರ್. ಘಟ್ಟ ಅಡ್ಡ ಬರುವುದೇ ಇಲ್ಲ. ಹಗಲು ಹೊತ್ತು ಕಣಿವೆಯೊಳಗಿಂದ ಬೆಂಗಳೂರು ಸಿಗುವುದು ಹೀಗೆ. ಕಾಲು ಅಲೆ ಅಂದರೆ ಇಲ್ಲಿ 10 ಮೀಟರ್ ಕಡ್ಡಿ, ಗಾಡಿ ಮೇಲೆ ಆಗದ ಮಾತು. ಕಾಯಿಲ್ ಸುತ್ತಿದ ಗಿಡ್ಡ ಆಂಟೆನಾ ಹಾಕಿದರೆ 100 ವ್ಯಾಟಿನಲ್ಲಿ ಗಾಳಿಗೆ ಹೋಗುವುದು ಸ್ವಲ್ಪ, ಬಿಸಿಯಾಗಿ ಹೋಗುವುದೇ ಜಾಸ್ತಿ. ನಾನು ಗಾಡಿ ನಿಲ್ಲಿಸಿ ಎರಡು ಮರಕ್ಕೆ ವಯರ್ ಕಟ್ಟುತ್ತೇನೆ. ತಗ್ಗಿನಲ್ಲಿ ಕಟ್ಟಿದರೂ ನಡೆಯುತ್ತದೆ, ಇಲ್ಲಿ ನಮಗೆ ಬೇಕಾದದ್ದೇ ಮೇಲೆ ಹೋಗುವ ಅಲೆ. ಆದರೆ ಅಲ್ಲೂ ಅದೇ ಪ್ರಶ್ನೆ. ನೀವು ಕರೆಯುವ ಹೊತ್ತಿಗೆ ಕೇಳುವವರು ಇರಬೇಕು. ಬೆಳಗಿನ ನೆಟ್‌ಗಳಲ್ಲಿ, ಅಂದರೆ ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ರೇಡಿಯೋದಲ್ಲಿ ಸೇರಿ ಮಾತಾಡುವಲ್ಲಿ, ನಿಮ್ಮ ದನಿ ಪರಿಚಯ ಇದ್ದರೆ, ಎರಡು ಅಕ್ಷರ ಗದ್ದಲದಲ್ಲಿ ಮುಳುಗಿದರೂ ಇದು ಇಂಥವರು ಎಂದು ಹಿಡಿಯುತ್ತಾರೆ. ಸೆಟ್ ಹಾಕಿಸಿ ಎರಡು ವರ್ಷ ಬಾಯಿ ತೆರೆಯದೆ, ಕಷ್ಟ ಬಂದ ದಿನ ಮೈಕ್ ಹಿಡಿದರೆ, ಯಾರು ನೀವು?

ಲೈಸೆನ್ಸ್ ಇಲ್ಲದವರಿಗೆ ಒಂದು ಮಾತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಬಾವೋಫೆಂಗ್ ಕಂಪನಿಯ ಕೈಸೆಟ್ ತರಿಸಿ ನಮ್ಮ ಬ್ಯಾಂಡಿನಲ್ಲಿ "ಓವರ್ ಓವರ್" ಎನ್ನಬೇಡಿ. ಅದು ಕಾನೂನಿಗೆ ವಿರುದ್ಧ, ಮತ್ತು ಮಂಗಳೂರಿನಲ್ಲಿ ವಯರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಇದೆ. ಮಲ್ಪೆ ಬೋಟಿನವರ ಸೆಟ್ಟೂ ಬೇರೆ, ಅವರ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಅದು ಸಮುದ್ರದವರಿಗೆ. ಗಾಡಿಯಿಂದ ಗಾಡಿಗೆ ಮಾತಾಡಿದರೆ ಸಾಕು ಎನ್ನುವವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ, ಲೈಸೆನ್ಸ್ ಬೇಡದ ಕಡಿಮೆ ಶಕ್ತಿಯ ವಾಕಿಟಾಕಿ ಇದೆ. ಅನುಮೋದನೆ ಇರುವ ಸೆಟ್ ತೆಗೆದುಕೊಳ್ಳಿ, ಸುಖವಾಗಿರಿ. ನಿಜ ಹೇಳಬೇಕೆಂದರೆ ನನ್ನನ್ನು ಕೇಳುವವರಲ್ಲಿ ಜಾಸ್ತಿ ಜನಕ್ಕೆ ಬೇಕಾದದ್ದು ಅದೇ.

ಹ್ಯಾಮ್ ಆಗಲೇಬೇಕಾ? ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವಯರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗದ ಪರೀಕ್ಷೆ ಬರೆಯಿರಿ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಲೈಸೆನ್ಸಿನ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್, ಅಂದರೆ ಚುಕ್ಕೆ ಗೆರೆಯ ಸಂಕೇತ, ಬೇಡ. ಜನರಲ್ ಗ್ರೇಡಿಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕು. ಫಲಿತಾಂಶ, ಲೈಸೆನ್ಸ್ ಎಲ್ಲ ಬರುವ ತನಕ ಸುಮ್ನೆ ಕೂರಬೇಡಿ, ನಮ್ಮಲ್ಲಿ ಯಾರದಾದರೂ ಮನೆಗೆ ಬಂದು ಪಕ್ಕದಲ್ಲಿ ಕೂತು ಕೇಳಿ. ಕಾಲ್‌ಸೈನ್ ಬಂದ ಮೇಲೆ, ಗಾಡಿಯಲ್ಲಿ ಬಳಸುವ ಬಗ್ಗೆ ಲೈಸೆನ್ಸ್‌ನಲ್ಲಿ ಏನಿದೆ ಓದಿಕೊಂಡು, ಒಂದು ಭಾನುವಾರ ಪೂರ್ತಿ ಖಾಲಿ ಇಟ್ಟುಕೊಂಡು ಗಾಡಿ ತನ್ನಿ. ಆಕ್ಸೆಸರಿ ಅಂಗಡಿಗೆ ಹೋಗಬೇಡಿ. ಡ್ರಿಲ್ಲಿಂಗ್ ಮೆಷಿನ್ ನನ್ನದು, ಊಟ ನಿಮ್ಮದು.