ಕೀನೈ ಫ್ಯೋರ್ಡ್ಸ್ ಕ್ರೂಸ್: ಅರ್ಧ ದಿನದ್ದು ಬೇಡ, ಪೂರ್ತಿದೇ ಹೋಗಿ

ಅಲಾಸ್ಕಾ ಟ್ರಿಪ್ ಪ್ಲಾನ್ ಮಾಡ್ತಿರೋ ನಮ್ಮವರು ಯಾರೇ ಕೇಳಿದ್ರೂ ನಾನು ಮೊದ್ಲು ಹೇಳೋದು ಅಲ್ಲಿನ ಬಂದರು ಊರು ಸೂವರ್ಡ್‌ನಿಂದ ಹೊರಡೋ ಕೀನೈ ಫ್ಯೋರ್ಡ್ಸ್ (ಸಮುದ್ರ ತೀರದ ನ್ಯಾಷನಲ್ ಪಾರ್ಕ್) ಕ್ರೂಸ್ ಬಗ್ಗೆ. ಅದ್ರಲ್ಲೂ ದುಡ್ಡು ಉಳಿಯುತ್ತೆ ಅಂತ ಮೂರ್ನಾಲ್ಕು ಗಂಟೆದು ತಗೋಬೇಡಿ, ಅದು ರೆಸರೆಕ್ಷನ್ ಬೇ ಒಳಗೇ ಸುತ್ತಾಡಿಸಿ ವಾಪಸ್ ಕರ್ಕೊಂಡು ಬರುತ್ತೆ, ಆರು ಗಂಟೆದು ತಗೊಂಡ್ರೆ ಕೊಲ್ಲಿ ದಾಟಿ ಗಲ್ಫ್ ಆಫ್ ಅಲಾಸ್ಕಾಗೆ ಇಳಿದು ಗ್ಲೇಸಿಯರ್ (ಹಿಮನದಿ) ಮುಂದೆನೇ ಹೋಗಿ ನಿಲ್ಲುತ್ತೆ. ಊರಿಂದ ಬಂದಿದ್ದ ಅಪ್ಪ ಅಮ್ಮನ್ನ ಕರ್ಕೊಂಡು ಜೂನಲ್ಲಿ ಹೋಗಿದ್ವಿ.

ಬಂದರು ಬಿಟ್ಟು ಸ್ವಲ್ಪ ಹೊತ್ತಿಗೇ ಒಂದು ಸಮುದ್ರದ ನೀರುನಾಯಿ ಕಾಣಿಸ್ತು. ಅಂಗಾತ ಮಲಗಿ ತೇಲ್ತಾ, ಎದೆ ಮೇಲೆ ಚಿಪ್ಪು ಇಟ್ಕೊಂಡು, ಎರಡೂ ಕೈಯಲ್ಲಿ ಹಿಡಿದು ಕಚ್ಚೋದು, ಆಮೇಲೆ ಒಂದು ಸಲ ಪೂರ್ತಿ ಉರುಳಿ ಎದೆ ಮೇಲಿನ ಚೂರೆಲ್ಲ ತೊಳ್ಕೊಂಡು ಮತ್ತೆ ಅಂಗಾತ. ಅಪ್ಪ ಕಂಪ್ಲಿಯವರು, ತುಂಗಭದ್ರಾದಲ್ಲಿ ನೀರುನಾಯಿ ನೋಡ್ಕೊಂಡೇ ಬೆಳೆದವರು (ಅಲ್ಲಿ 2015ರಿಂದ ಅವಕ್ಕೆ ಅಂತಾನೇ ಸಂರಕ್ಷಿತ ಪ್ರದೇಶ ಇದೆ). "ನಮ್ಮ ಹೊಳ್ಯಾಗ ಇವು ಬೆನ್ನ ಮ್ಯಾಲ ಮಕ್ಕೊಂಡಿದ್ದು ನಾ ನೋಡೇ ಇಲ್ಲ" ಅಂತ ರೇಲಿಂಗ್ ಬಿಟ್ಟು ಅಲ್ಲಾಡ್ಲಿಲ್ಲ.

ಈ ಪ್ರಾಣಿಗೆ ಸೀಲ್, ತಿಮಿಂಗಿಲಕ್ಕಿರೋ ಥರ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರ ಇಲ್ಲ, ಆ ಕೊರೆಯೋ ನೀರಲ್ಲಿ ಬದುಕೋದು ಬರೀ ತುಪ್ಪಳದ ಮೇಲೆ, ಒಂದು ಚದರ ಇಂಚಿಗೆ ಹತ್ತು ಲಕ್ಷದವರೆಗೂ ಕೂದಲು. ಆ ತುಪ್ಪಳಕ್ಕೋಸ್ಕರನೇ ಇವನ್ನ ನೂರೈವತ್ತು ವರ್ಷಕ್ಕೂ ಹೆಚ್ಚು ಬೇಟೆಯಾಡಿ, 1911ರಲ್ಲಿ ನಾಲ್ಕು ದೇಶ ಸೇರಿ ಒಪ್ಪಂದ ಮಾಡ್ಕೊಂಡು ನಿಲ್ಲಿಸೋ ಹೊತ್ತಿಗೆ ಉಳಿದಿದ್ದು ತೀರಾ ಕಮ್ಮಿ. ಮತ್ತೆ 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಸೋರಿ ಈ ಕರಾವಳಿವರೆಗೂ ಬಂತು. ತುಪ್ಪಳಕ್ಕೆ ಎಣ್ಣೆ ಮೆತ್ತಿದ್ರೆ ಚಳಿ ತಡೆಯೋ ಶಕ್ತಿನೇ ಹೋಗುತ್ತೆ, ಸಾವಿರಕ್ಕೂ ಮಿಕ್ಕಿ ಸತ್ತುಹೋದ್ವು. ಇಷ್ಟಾದ್ಮೇಲೂ ಇಲ್ಲಿ ಆರಾಮಾಗಿ ಊಟ ಮಾಡ್ಕೊಂಡು ತೇಲ್ತಿರೋದನ್ನ ನೋಡಿದ್ರೆ ನಂಗೆ ನಿಜಕ್ಕೂ ಖುಷಿ ಆಗುತ್ತೆ.

ಊಟದ ವಿಷ್ಯ. ಟಿಕೆಟ್ ಜೊತೆಗೇ ಮಧ್ಯಾಹ್ನದ್ದು ಕೊಡ್ತಾರೆ, ವೆಜ್ ಬೇಕು ಅಂತ ಬುಕ್ ಮಾಡುವಾಗ್ಲೇ ಹೇಳಿದ್ವಿ, ತರಕಾರಿ ರ‍್ಯಾಪ್ ಬಂತು, ಅಮ್ಮ ಅದನ್ನ ಬಿಚ್ಚಿ ಒಳಗೆ ಶೇಂಗಾ ಚಟ್ನಿಪುಡಿ ಹಾಕಿ ಮತ್ತೆ ಸುತ್ತಿ ಎಲ್ರಿಗೂ ಕೊಟ್ರು, ಚೆನ್ನಾಗೇ ಇತ್ತು. ಕೊಲ್ಲಿ ದಾಟಿದ್ಮೇಲೆ ದೋಣಿ ಜೋರಾಗಿ ಎತ್ತಿ ಹಾಕುತ್ತೆ, ಅದಕ್ಕೆ ವಾಂತಿ ಮಾತ್ರೆ ಹತ್ತೋಕೆ ಮುಂಚೆನೇ ತಗೊಂಡಿರಿ.

ಚಿಸ್ವೆಲ್ ದ್ವೀಪಗಳ ಬಂಡೆ ಮೇಲೆ ಸೀಲ್ ಥರದ್ದೇ ಆದ ಸ್ಟೆಲ್ಲರ್ ಸೀ ಲಯನ್‌ಗಳು ಒಂದರ ಮೇಲೊಂದು ಬಿದ್ಕೊಂಡಿದ್ವು, ದೊಡ್ಡ ಗಂಡು ಒಂದು ಟನ್‌ವರೆಗೂ ತೂಗುತ್ತೆ, ಗಾಳಿ ಈ ಕಡೆ ತಿರುಗಿದ್ರೆ ವಾಸನೆ ಮೊದ್ಲು ಬರುತ್ತೆ. ಪಫಿನ್ ಹಕ್ಕಿಗಳು ಚಳಿಗಾಲವೆಲ್ಲ ನಡುಸಮುದ್ರದಲ್ಲೇ ಕಳೆದು ಮೊಟ್ಟೆ ಇಡೋಕೆ ಮಾತ್ರ ಈ ಬಂಡೆಗಳಿಗೆ ಬರ್ತವೆ. ಒಂದು ಹಂಪ್‌ಬ್ಯಾಕ್ ತಿಮಿಂಗಿಲ ಉಸಿರು ಬಿಟ್ಟಿದ್ದು ಕಂಡಿದ್ದೇ ಕ್ಯಾಪ್ಟನ್ ದೂರದಲ್ಲೇ ನಿಧಾನ ಮಾಡಿದ್ರು, ನೂರು ಗಜಕ್ಕಿಂತ ಹತ್ರ ಹೋಗೋ ಹಾಗಿಲ್ಲ ಅಂತ ಕಾನೂನೇ ಇದೆ. ಯಾರೂ ಅದಕ್ಕೆ ತಿಂಡಿ ಎಸೀಲಿಲ್ಲ, ಅಟ್ಟಿಸ್ಕೊಂಡು ಹೋಗ್ಲಿಲ್ಲ, ಸುಮ್ನೆ ಕಾದ್ವಿ. ಅದು ತನಗೆ ಬೇಕಾದಾಗ ಎದ್ದು, ಬಾಲ ಎತ್ತಿ ಮುಳುಗ್ತು. ಹವಾಯಿ ಕಡೆ ಚಳಿಗಾಲ ಕಳೆಯುವಾಗ ಇವು ಹೆಚ್ಚುಕಮ್ಮಿ ಉಪವಾಸ, ವರ್ಷದ ಊಟ ಎಲ್ಲ ಈ ಅಲಾಸ್ಕಾ ನೀರಲ್ಲೇ, ಹಂಗಿರುವಾಗ ತಿನ್ನೋ ಹೊತ್ತಲ್ಲಿ ತೊಂದ್ರೆ ಕೊಡಬಾರದಲ್ವಾ.

ಕೊನೆಗೆ ಐಯಾಲಿಕ್ ಗ್ಲೇಸಿಯರ್. ಹಾರ್ಡಿಂಗ್ ಐಸ್‌ಫೀಲ್ಡ್ ಅಂತ ಬೆಟ್ಟದ ಮೇಲೆ ಸುಮಾರು 700 ಚದರ ಮೈಲಿ ಮಂಜುಗಡ್ಡೆ ಇದೆ, ಅಲ್ಲಿಂದ ಇಳಿದು ಬಂದು ನೇರ ಸಮುದ್ರದಲ್ಲಿ ಕಾಲಿಟ್ಟಿರೋದು ಇದು. ಇಂಜಿನ್ ನಿಲ್ಲಿಸಿದ್ರು, ಸುತ್ತ ತೇಲ್ತಿದ್ದ ಸಣ್ಣ ಗಡ್ಡೆಗಳು ಪಟಪಟ ಅಂತ ಸಿಡೀತಿದ್ವು, ಹಳೇ ಕಾಲದಲ್ಲಿ ಒಳಗೆ ಸಿಕ್ಕಿಹಾಕ್ಕೊಂಡ ಗಾಳಿ ಹೊರಗೆ ಬರೋ ಶಬ್ದ ಅದು. ದೊಡ್ಡ ಗಡ್ಡೆಗಳ ಮೇಲೆ ಸೀಲ್ ತಾಯಂದಿರು ಮರಿ ಇಟ್ಕೊಂಡು ಮಲಗಿದ್ವು. ಎದುರಿನ ಗೋಡೆಯಿಂದ ಒಂದು ನೀಲಿ ಹೋಳು ಕಳಚಿ ನೀರಿಗೆ ಬಿತ್ತು, ಬಿದ್ದಿದ್ದು ಕಣ್ಣಿಗೆ ಕಂಡ ಮೇಲೆ ಸದ್ದು ಬಂತು, ಗುಡುಗಿನ ಹಾಗೆ, ಆಮೇಲೆ ಅಲೆ ಬಂದು ದೋಣಿನ ಮೆಲ್ಲಗೆ ತೂಗ್ತು. ಅಮ್ಮ ನನ್ನ ಕೈ ಹಿಡ್ಕೊಂಡು "ಇನ್ನೊಂದು ಬೀಳೋತನ ಇಲ್ಲೇ ನಿಲ್ಲಸ್ತಾರೇನು ಕೇಳು" ಅಂದ್ರು.

ಸೀಸನ್ ಮೇ ಮಧ್ಯದಿಂದ ಸೆಪ್ಟೆಂಬರ್ ಶುರುವಿನವರೆಗೆ. ಬೇಸಿಗೆ ಅಂದ್ರೂ ಸ್ವೆಟರ್, ಟೋಪಿ, ಗ್ಲೌಸ್ ಬೇಕೇ ಬೇಕು, ವಯಸ್ಸಾದವರು ಬಂದಿದ್ರೆ ಇನ್ನೊಂದು ಜಾಸ್ತಿ ಇಟ್ಕೊಳ್ಳಿ, ಯಾಕಂದ್ರೆ ಒಳಗಡೆ ಗಾಜಿನ ಹಿಂದೆ ಬೆಚ್ಚಗೆ ಕೂತ್ರೆ ಆ ಪಟಪಟ ಸದ್ದು ಕೇಳಲ್ಲ. ಆಂಕರೇಜ್‌ನಿಂದ ಇನ್ನೂರು ಕಿಲೋಮೀಟರ್, ಬೇಸಿಗೇಲಿ ದಿನಾ ಟ್ರೈನ್ ಇದೆ, ಬೆಳಿಗ್ಗೆ ಬಂದು ಆರು ಗಂಟೆದು ಕ್ರೂಸ್ ಮುಗಿಸ್ಕೊಂಡು ಸಂಜೆ ಟ್ರೈನಿಗೆ ವಾಪಸ್ ಹೋಗಬಹುದು.