ಪಾರ್ಸರ್ ಡೈರಿ: ಒಂದು ರಿಟರ್ನ್, ನಾಲ್ಕು ರಾತ್ರಿ

ಕೊನೆಗೂ 3 ದಪ್ಪಕ್ಷರದಿಂದ ಹೊರಗೆ ಬಂತು! ನಾನು ಬರೆಯುತ್ತಿರುವುದು ಎಚ್‌ಟಿಎಂಎಲ್ ಪಾರ್ಸರ್. ಅಂದರೆ ವೆಬ್ ಪುಟದ ಮಾರ್ಕಪ್ (ಟ್ಯಾಗ್ ಹಾಕಿದ ಪಠ್ಯ) ಓದಿ, ಒಂದರೊಳಗೊಂದು ಕೂರುವ ನೋಡ್‌ಗಳ ಮರವಾಗಿ ಜೋಡಿಸುವ ಪ್ರೋಗ್ರಾಂ.

ಟೋಕನೈಸರ್ (ಪಠ್ಯವನ್ನು ಟ್ಯಾಗ್, ಅಕ್ಷರ ಅಂತ ತುಂಡು ಮಾಡುವ ಭಾಗ) ಮುಗಿದಿದೆ, ಹೇಳುವಂಥದ್ದೇನಿಲ್ಲ. ಒಂದು ಗೊಣಗಾಟ ಮಾತ್ರ. ಎಂಟಿಟಿ (ವಿಶೇಷ ಚಿಹ್ನೆಗಳಿಗೆ ಇಟ್ಟ ಹೆಸರು) ಪಟ್ಟಿಗೆ ಅಂತ ಇಳಿಸಿಕೊಂಡ ಪ್ಯಾಕೇಜಿನಲ್ಲಿ ಇದ್ದದ್ದು ಎಚ್‌ಟಿಎಂಎಲ್ 4 ಕಾಲದ 252 ಹೆಸರು. ಈಗಿನ ಸ್ಟ್ಯಾಂಡರ್ಡ್‌ನಲ್ಲಿ 2,231 ಇವೆ. ಮೇಲೆ 'ಸಂಪೂರ್ಣ' ಅಂತ ಬೇರೆ ಬರೆದಿದ್ದರು.

ತಲೆ ತಿಂದದ್ದು ಈ ಸಾಲು (ಬಿ ಅಂದರೆ ದಪ್ಪಕ್ಷರದ ಟ್ಯಾಗ್, ಪಿ ಅಂದರೆ ಪ್ಯಾರಾ; ಒಳಗಿನ ಪಿ ಮುಗಿಯುವ ಮೊದಲೇ ಬಿ ಮುಚ್ಚಿದೆ):

<ಬಿ>1<ಪಿ>2</ಬಿ>3</ಪಿ>

1, 2 ದಪ್ಪ, 3 ಸಾದಾ ಆಗಬೇಕು. ನನ್ನ ಪಾರ್ಸರ್ ಪಿ ಒಳಗೆ ಹೊಸ ಬಿ ಮಾಡಿ, ಅದರಲ್ಲಿ 23 ಅಂತ ಒಟ್ಟಿಗೆ ತುರುಕುತ್ತಿತ್ತು. ಹೀಗೆ ಅಡ್ಡಾದಿಡ್ಡಿ ಮುಚ್ಚಿದ ಟ್ಯಾಗ್‌ಗಳನ್ನು ಸರಿಪಡಿಸುವ ಅಡಾಪ್ಷನ್ ಏಜೆನ್ಸಿ ಅಲ್ಗಾರಿದಮ್ ಬರೆದವರಿಗೆ ಈ ಸಂಕಟ ಗೊತ್ತು. ಹೆಸರಿಗೆ ತಕ್ಕಂತೆ ಮಕ್ಕಳನ್ನು ಒಂದು ನೋಡ್‌ನಿಂದ ಕಿತ್ತು ಇನ್ನೊಂದಕ್ಕೆ ದತ್ತು ಕೊಡುವುದೇ ಅದರ ಕೆಲಸ.

ಬುಕ್‌ಮಾರ್ಕ್ (ಆಕ್ಟಿವ್ ಪಟ್ಟಿಯಲ್ಲಿ, ಅಂದರೆ ಜಾರಿಯಲ್ಲಿರುವ ಅಕ್ಷರಶೈಲಿ ಟ್ಯಾಗ್‌ಗಳ ಪಟ್ಟಿಯಲ್ಲಿ, ಬಿ ಜಾಗದ ಗುರುತು) ಸರಿ ಇತ್ತು. ಫರ್ದೆಸ್ಟ್ ಬ್ಲಾಕ್ (ಬಿ ಒಳಗೆ ಇನ್ನೂ ತೆರೆದಿರುವ ಬ್ಲಾಕ್, ಇಲ್ಲಿ ಪಿ) ಕೂಡ. (ಸ್ಟ್ಯಾಕ್, ಅಂದರೆ ಇನ್ನೂ ಮುಚ್ಚದ ಟ್ಯಾಗ್‌ಗಳ ಸಾಲು, ಬದಲಾಗುವುದನ್ನು ಹೆಜ್ಜೆ ಹೆಜ್ಜೆಗೂ ಬಣ್ಣದಲ್ಲಿ ತೋರಿಸುವ ಒಂದು ಟೂಲ್ ಮಾಡಬೇಕು. ಮುಂದಿನ ಪ್ರಾಜೆಕ್ಟ್ ಅದೇ, ಹೆಸರೂ ಇಟ್ಟಾಯ್ತು: ದತ್ತಕ.) ಕೊನೆಗೆ ಸಿಕ್ಕಿದ್ದು ನನ್ನದೇ ಜಾಣತನ. ಅಲ್ಗಾರಿದಮ್‌ನ ಹೊರಗಿನ ಲೂಪ್ (ಮತ್ತೆ ಮತ್ತೆ ನಡೆಯುವ ಹೆಜ್ಜೆಗಳು) 8 ಸಲದವರೆಗೆ ತಿರುಗಬಹುದು. ಅದು ಸುಮ್ನೆ ಒಂದು ಮಿತಿ ಅಲ್ವಾ ಅಂದುಕೊಂಡು ಮೊದಲ ಸುತ್ತಿಗೇ ರಿಟರ್ನ್ (ಅಲ್ಲಿಗೇ ನಿಲ್ಲಿಸಿ ಹೊರಬರುವ ಆದೇಶ) ಹಾಕಿದ್ದೆ. ಆದರೆ ಮೊದಲ ಸುತ್ತು ಹೊಸ ಬಿ ಹುಟ್ಟಿಸಿ, ಸ್ಟ್ಯಾಕ್‌ನಲ್ಲಿ ಪಿ ಕೆಳಗೆ ಕೂರಿಸುತ್ತದೆ, ಅಷ್ಟೆ. ಅದನ್ನು ಮುಚ್ಚುವುದು ಎರಡನೇ ಸುತ್ತು. ಆಗ ಫರ್ದೆಸ್ಟ್ ಬ್ಲಾಕ್ ಸಿಗುವುದಿಲ್ಲ, ಬಿ ಸ್ಟ್ಯಾಕ್‌ನಿಂದ ಪಾಪ್ ಆಗುತ್ತದೆ (ಹೊರಬೀಳುತ್ತದೆ), ಆಕ್ಟಿವ್ ಪಟ್ಟಿಯಿಂದಲೂ ಹೋಗುತ್ತದೆ. ರಿಟರ್ನ್ ಅಳಿಸಿದೆ. ಮುಗೀತು.

ಇಷ್ಟೆಲ್ಲ ಸರ್ಕಸ್‌ಗೆ ಕಾರಣ ಹಳೆಯದು. 1999ರ ಎಚ್‌ಟಿಎಂಎಲ್ 4.01, ತಪ್ಪು ಮಾರ್ಕಪ್ ಬಂದರೆ ಏನು ಮಾಡಬೇಕು ಅಂತ ಗೊತ್ತುಮಾಡಲೇ ಇಲ್ಲ. ಬ್ರೌಸರ್‌ಗಳು ತೋಚಿದಂತೆ ತೇಪೆ ಹಾಕಿದವು. ವೆಬ್ ಸ್ಟ್ಯಾಂಡರ್ಡ್ ಸಂಸ್ಥೆ ಡಬ್ಲ್ಯುತ್ರೀಸಿ, ಎಚ್‌ಟಿಎಂಎಲ್ ಅನ್ನು ಎಕ್ಸ್‌ಎಂಎಲ್ ಅನ್ನುವ ಕಟ್ಟುನಿಟ್ಟಿನ ಮಾರ್ಕಪ್‌ಗೆ ಒಗ್ಗಿಸಿದ ಎಕ್ಸ್‌ಎಚ್‌ಟಿಎಂಎಲ್ ಹಿಡಿದು ಹೊರಟಿತು. ಎಕ್ಸ್‌ಎಂಎಲ್ ನಿಯಮದಲ್ಲಿ ಓದಿದರೆ ಒಂದು ಟ್ಯಾಗ್ ಮುಚ್ಚದಿದ್ದರೂ ಪುಟದ ಬದಲು ಎರರ್. 2004ರಲ್ಲಿ ಆಪಲ್, ಮೊಜಿಲ್ಲಾ, ಒಪೆರಾ ಕಡೆಯವರು ವಾಟ್‌ಡಬ್ಲ್ಯುಜಿ ಅನ್ನುವ, ಸ್ಟ್ಯಾಂಡರ್ಡ್ ಬರೆಯುವ ಗುಂಪು ಕಟ್ಟಿದರು. ಆ ತೇಪೆಗಳನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟವರು ಅವರೇ. 2019ರ ಒಪ್ಪಂದದ ನಂತರ ಡಬ್ಲ್ಯುತ್ರೀಸಿಯದ್ದೂ ಅದೇ ಸ್ಟ್ಯಾಂಡರ್ಡ್. ಬೈಯುವುದಕ್ಕೆ ಒಂದೇ ವಿಳಾಸ, ಅನುಕೂಲ ಜಾಸ್ತಿ. 'ಇಮೇಜ್' ಅಂತ ಟ್ಯಾಗ್ ಬಂದರೆ ಚಿತ್ರದ ಸರಿಯಾದ ಟ್ಯಾಗ್ 'ಐಎಂಜಿ' ಅಂತ ಬದಲಿಸಿ ಅಂದು, ಪಕ್ಕದಲ್ಲೇ ಬ್ರಾಕೆಟ್ ಹಾಕಿ 'ಕೇಳಬೇಡಿ' ಅಂದಿದ್ದಾರೆ. ನಾನೂ ಕೇಳಲಿಲ್ಲ.

ಇನ್ನು ಟೇಬಲ್. ಸೆಲ್ ಇಲ್ಲದೆ ಟೇಬಲ್ ಒಳಗೆ ಬಿದ್ದ ಅಕ್ಷರಗಳು ಟೇಬಲ್‌ಗಿಂತ ಮೊದಲು ಬರಬೇಕು. ನನ್ನಲ್ಲಿ ಇನ್ನೂ ಒಳಗೇ ಕೂತಿವೆ.