ಫೆಸ್ಟಿವಲ್‌ನಲ್ಲಿ ಒಂದು ಸ್ಲಾಟ್ ಸಿಕ್ಕರೆ ಸಾಕಾ?

ರ‍್ಯಾಪ್ ಬರೆಯುವ ಹುಡುಗರು ನನ್ನನ್ನು ಕೇಳುವುದು ಇದೊಂದೇ: "ಅಣ್ಣಾ, ದೊಡ್ಡ ಫೆಸ್ಟಿವಲ್‌ನಲ್ಲಿ ಒಂದು ಸ್ಲಾಟ್ ಸಿಕ್ಕರೆ ಲೈಫ್ ಸೆಟ್ ಅಲ್ವಾ?" ಸ್ಲಾಟ್ ಅಂದರೆ ಸ್ಟೇಜ್ ಮೇಲೆ ಹಾಡೋಕೆ ಸಿಗುವ ಸಮಯ.

ದುಡ್ಡಿನ ಲೆಕ್ಕದಲ್ಲಿ ಅಲ್ಲ. ಅಮೆರಿಕದ ಆಸ್ಟಿನ್‌ನಲ್ಲಿ 1987ರಿಂದ ನಡೆಯುವ ಸೌತ್ ಬೈ ಸೌತ್‌ವೆಸ್ಟ್ ಅನ್ನೋ ಫೆಸ್ಟಿವಲ್ ಹೊಸಬರಿಗೆ ಹೆಸರಾದ ಜಾಗ. 2023ರವರೆಗೂ ಅಲ್ಲಿ ಒಬ್ಬರೇ ಹಾಡುವವರಿಗೆ ಕೊಡುತ್ತಿದ್ದದ್ದು 100 ಡಾಲರ್. ಅರ್ಜಿ ಹಾಕೋದಕ್ಕೇ 55! ಕಲಾವಿದರ ಸಂಘ ಗಲಾಟೆ ಮಾಡಿದ ಮೇಲೆ 2024ಕ್ಕೆ ಹಾಡುವವರಿಗೆ ಕೊಡೋದು 150 ಆಯಿತು.

ಮತ್ತೆ ಯಾಕೆ ಹೋಗಬೇಕು? ಸೋಲೋದಕ್ಕಾದರೂ ಹೋಗಬೇಕು. ಈಗ ಜಗತ್ತಿಗೇ ಗೊತ್ತಿರುವ ರ‍್ಯಾಪರ್ ಎಮಿನೆಮ್ 1997ರಲ್ಲಿ ಡೆಟ್ರಾಯಿಟ್‌ನಲ್ಲಿ ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದ. ಸಿನ್ಸಿನಾಟಿಯ ಸ್ಕ್ರಿಬಲ್ ಜ್ಯಾಮ್ ಫೆಸ್ಟಿವಲ್‌ನ ರ‍್ಯಾಪ್ ಸ್ಪರ್ಧೆಗೆ ಹೋಗಿ ಎಂಸಿ ಜ್ಯೂಸ್ ಅನ್ನೋ ರ‍್ಯಾಪರ್ ಎದುರು ಸೋತ. ಅದೇ ವರ್ಷ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್ ಅನ್ನೋ ಸ್ಪರ್ಧೆಗೆ ಹೋದ. ಗೆದ್ದವರಿಗೆ 500 ಡಾಲರ್, ಜೊತೆಗೆ ರೋಲೆಕ್ಸ್ ವಾಚು. ಇವನಿಗೆ ಸಿಕ್ಕಿದ್ದು ಎರಡನೇ ಸ್ಥಾನ. ದುಡ್ಡೂ ಇಲ್ಲ, ವಾಚೂ ಇಲ್ಲ. ಆದರೆ ಆಲ್ಬಮ್ ಹೊರತರುವ ಇಂಟರ್‌ಸ್ಕೋಪ್ ಕಂಪನಿಯವರು ಅಲ್ಲಿದ್ದರು. ಅವನ ಹಾಡುಗಳ ಒಂದು ಪ್ರತಿ ಅವರ ಕೈಗೆ ಹೋಯಿತು. ಅವರಿಂದ ಕಂಪನಿಯ ಮುಖ್ಯಸ್ಥ ಜಿಮ್ಮಿ ಐವಿನ್‌ಗೆ, ಅಲ್ಲಿಂದ ಹೆಸರಾದ ರ‍್ಯಾಪರ್, ಸಂಗೀತ ನಿರ್ಮಾಪಕ ಡಾ. ಡ್ರೇಗೆ. 1999ರ ಫೆಬ್ರವರಿಯಲ್ಲಿ ಆಲ್ಬಮ್ ಬಂತು. ಈ ಕಥೆ ಹೇಳುವವರೆಲ್ಲ ಅದೃಷ್ಟ ಅಂತಾರೆ. ನನಗೆ ಕಾಣುವುದು ಬೇರೆ: ಯಾರೋ ಕೇಳಿದ ಹೊತ್ತಿಗೆ ಕೊಡೋಕೆ ಅವನ ಹತ್ತಿರ ಮುಗಿಸಿದ ಹಾಡುಗಳಿದ್ದವು. ನಮ್ಮ ಹುಡುಗರ ಹತ್ತಿರ "ಮಿಕ್ಸಿಂಗ್ ನಡೀತಾ ಇದೆ ಅಣ್ಣಾ" ಇರುತ್ತೆ.

ಇನ್ನು ಫೆಸ್ಟಿವಲ್ ಜೊತೆ ನಡೆಯುವ ಕಾನ್ಫರೆನ್ಸ್. ಅಟ್ಲಾಂಟಾದಲ್ಲಿ 2005ರಲ್ಲಿ ಶುರುವಾದ ಎ3ಸಿ ಅನ್ನೋ ರ‍್ಯಾಪ್ ಫೆಸ್ಟಿವಲ್‌ನಲ್ಲಿ ರಾತ್ರಿ ಹಾಡು, ಹಗಲು ಮಾತು ಅನ್ನೋ ಪದ್ಧತಿ ಬೆಳೆಯಿತು. ಎಲ್ಲರಿಗೂ ರಾತ್ರಿಯ ಸ್ಟೇಜ್ ಮೇಲೇ ಕಣ್ಣು. ನನಗೆ ಹಗಲಿನ ಮಾತೇ ಜಾಸ್ತಿ ಬೆಲೆಯದ್ದು. ಬೀಟ್ (ಹಾಡಿನ ಹಿಂದಿನ ಸಂಗೀತ) ಯಾರದ್ದು, ಪಾಲು ಎಷ್ಟು, ಸಹಿ ಹಾಕುವ ಮುಂಚೆ ಏನು ಓದಬೇಕು? ನಮ್ಮಲ್ಲಿ ಬೀಟ್ ಒಬ್ಬನದ್ದು, ಸಾಲು ಇನ್ನೊಬ್ಬನದ್ದು, ಕಾಗದ ಯಾರ ಹತ್ತಿರವೂ ಇಲ್ಲ. ಹಾಡು ಓಡಿದ ದಿನ ಜಗಳ. ಸಾಹಿತ್ಯ ಬರೆಯುವವರಿಗೆ, ಸಂಗೀತ ಮಾಡುವವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಅಂತ ಒಂದು ಸಂಸ್ಥೆ ಇದೆ ಅಂದರೆ ಎಷ್ಟೋ ಜನ ಬಾಯಿ ಬಿಡುತ್ತಾರೆ.

"ಇಷ್ಟು ಟಿಕೆಟ್ ಮಾರಿಕೊಡಿ, ಸ್ಲಾಟ್ ಕೊಡ್ತೀವಿ" ಅನ್ನುವವರ ಕಡೆ ಮಾತ್ರ ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. ಹತ್ತು ಟಿಕೆಟ್ ಮಾರಿದೆ. ಎಂಟು ಕೊಂಡದ್ದು ಅತ್ತೆ ಮನೆಯವರು. ಅವರನ್ನು ಬಿಟ್ಟರೆ ನನ್ನ ಹಾಡು ಕೇಳಿದ್ದು ವೈರ್ ಎಳೆಯುತ್ತಿದ್ದ ಸೌಂಡ್‌ನವನು. ಅವನೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ.